ಬಲಕ್ಕೆ ನೋಡುವ ಪಾರಿವಾಳ

ಚಿಕ್ಕಪ್ಪನ ಮಗ ಕಾಮ್‌ಚುನ್ ಮಣ್ಣಿನ ಬಟ್ಟಲನ್ನು ಕಿತ್ತುಕೊಂಡ ರಭಸಕ್ಕೆ ವಾಯ್‌ಫಾನ್ ಕಾಲುವೆಯ ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದಳು. ಮೊಣಕಾಲು ಒಡೆದು ಸೂತಕದ ಬಿಳಿ ಬಟ್ಟೆಗೆ ರಕ್ತ ಹತ್ತಿತು.

"ಕೊಡೋ ಅದನ್ನ! ಸತ್ತಿರೋದು ನನ್ನಪ್ಪ."

"ನಿನ್ನಪ್ಪನೇ ಅಕ್ಕ, ಯಾರು ಇಲ್ಲ ಅಂದ್ರು? ಆದ್ರೆ ನೀರು ಕೊಳ್ಳೋದು ಗಂಡಸರ ಕೆಲಸ. ಮಗ ಇಲ್ದಿದ್ರೆ ತಮ್ಮನ ಮಗ. ಬೇಕಾದ್ರೆ ಅಜ್ಜನ್ನ ಕೇಳು."

ಕುಲದ ಹಿರಿಯನಾದ ಏಳನೇ ಅಜ್ಜ ಕೆಮ್ಮಿ ತಲೆಯಾಡಿಸಿದ. ಕಾಲುವೆಗೆ ಕಾಸು ಎಸೆದು ನೀರು ಕೊಂಡು, ಆ ನೀರಿನಲ್ಲಿ ಹೆಣದ ಮುಖ ತೊಳೆದವನೇ ವಾರಸುದಾರ. ಸತ್ತವನ ಅಂಗಡಿ ಅವನದು, ಹಳೆಯ ಜೇಬುಗಡಿಯಾರ ಅವನದು. ಕ್ಯಾಂಟನ್ ಊರಿನ ಕೂಸಿಗೂ ಇದು ಗೊತ್ತು. ಅವಳಪ್ಪ ಫೊಕ್ ತಾತ್ ಬದುಕಿದ್ದಾಗ ಅವನ ಮುಖ ನೋಡಲು ಒಬ್ಬ ನೆಂಟನೂ ಬರಲಿಲ್ಲ. ಈಗ ಅದೇ ಮುಖ ತೊಳೆಯಲು ಹೊಡೆದಾಟ.

"ಅಂಗಡಿ ಇಟ್ಕೊ, ಗಡಿಯಾರಾನೂ ಇಟ್ಕೊ," ಎಂದಳು ವಾಯ್‌ಫಾನ್. "ನೀರು ಮಾತ್ರ ನಾನು ತಗೊಂಡು ಹೋಗ್ತೀನಿ. ಅದು ನಮ್ಮಣ್ಣನ ಕೆಲಸ. ಅವನಿಲ್ಲ, ನಾನಿದೀನಿ."

"ಹೆಣ್ಣು ನೀರು ಕೊಂಡ್ರೆ ಸತ್ತೋನು ದಾರಿ ಸಿಗದೆ ದೆವ್ವ ಆಗ್ತಾನಮ್ಮ," ಎಂದ ಅಜ್ಜ.

"ಬದುಕಿದ್ದಾಗ್ಲೇ ಆಗಿದ್ದ ಬಿಡಿ!" ದೋಣಿಯಲ್ಲಿ ಗಂಜಿ ಮಾರುವ ಹೆಂಗಸು ಕೂಗಿದಳು. "ಮಗ ಸತ್ತ ಮೇಲೆ ಆ ಮನುಷ್ಯ ನಕ್ಕಿದ್ದು ಯಾರು ಕಂಡಿದಾರೆ? ಹುಡುಗಿಗೆ ಬಟ್ಟಲು ಕೊಡ್ರಯ್ಯ."

"ನಿನ್ನ ಗಂಜಿ ತಳ ಹಿಡೀತಿದೆ, ನೋಡ್ಕೊ ಹೋಗು," ಎಂದು ಕಾಮ್‌ಚುನ್ ಗದರಿದ.

* * *

ಬೀದಿಗೆ ಬೀದಿಯೇ ಹೊತ್ತಿ ಉರಿದ ವರ್ಷ ವಾಯ್‌ಫಾನ್ ಇನ್ನೂ ಸಣ್ಣವಳು. ಅಪ್ಪನ ಗಡಿಯಾರ ರಿಪೇರಿಯ ಮೇಜಿನಡಿ ಅವಿತು ಎಲ್ಲವನ್ನೂ ನೋಡಿದಳು.

ಮನೆಯಲ್ಲಿದ್ದ ಬೆಲೆಬಾಳುವ ವಸ್ತುವೆಂದರೆ ಮುತ್ತಜ್ಜನ ಕಾಲದ ಎರಡು ಜೇಬುಗಡಿಯಾರ. ಗುಂಡಿ ಒತ್ತಿದರೆ ಹಾಡುತ್ತಿದ್ದವು. ಹಿಂಬದಿಯ ನೀಲಿ ಎನಾಮಲ್ಲಿನಲ್ಲಿ ಒಂದೊಂದು ಪಾರಿವಾಳ, ಸುತ್ತ ಮುತ್ತಿನ ಸಾಲು. ಸಿಪಾಯಿಗಳು ಬಾಗಿಲು ಮುರಿದು ನುಗ್ಗಿದಾಗ ಫೊಕ್ ತಾತ್ ಒಂದನ್ನು ತಾನಾಗಿಯೇ ಕೊಟ್ಟ. ಇನ್ನೊಂದನ್ನು ಉಪ್ಪು ಹಾಕಿಟ್ಟ ಸೊಪ್ಪಿನ ಜಾಡಿಯ ತಳಕ್ಕೆ ತುರುಕಿದ್ದ. ಒಂದು ಸಿಕ್ಕರೆ ಹೋದಾರು ಎಂದು ಅವನ ಎಣಿಕೆ. ಪರವೂರಿನ ಸಿಪಾಯಿಯಾಗಿದ್ದರೆ ಹೋಗುತ್ತಿದ್ದನೋ ಏನೋ. ಗಡಿಯಾರ ಈಸಿಕೊಂಡವನು ಇದೇ ಊರಿನವನು, ಅದನ್ನು ತಿರುವಿ ನೋಡಿದ.

"ಈ ಹಕ್ಕಿ ಎಡಕ್ಕೆ ನೋಡ್ತಿದೆ. ಬಲಕ್ಕೆ ನೋಡೋದು ಎಲ್ಲಿ ಯಜಮಾನ?"

"ಒಂದೇ ಇರೋದು ಸ್ವಾಮಿ."

"ಇವು ಜೋಡೀಲೇ ಬರೋದು ಅಂತ ನಮ್ಮವ್ವಂಗೂ ಗೊತ್ತು ಕಣೋ." ಅವನು ಗುಂಡಿ ಒತ್ತಿದ, ಬಂದೂಕಿನ ಚೂರಿಯನ್ನು ಅಣ್ಣ ಲಾಪ್‌ಮನ್‌ನ ಹೊಟ್ಟೆಗೆ ಇಟ್ಟ. "ಹಾಡು ಮುಗಿಯೋದ್ರೊಳಗೆ ಹೇಳು."

ಫೊಕ್ ತಾತ್ ಜಾಡಿಯನ್ನು ನೋಡಿದ, ಮಗನನ್ನು ನೋಡಿದ. ಬಾಯಿ ತೆರೆದ, ಮಾತು ಬರಲಿಲ್ಲ. ಭಯವೋ ಆಸೆಯೋ, ಅವನಿಗೇ ಗೊತ್ತು. ಹಾಡು ಮುಗಿಯಿತು. ಸಿಪಾಯಿ ಚೂರಿಯನ್ನು ಹಿಡಿಯವರೆಗೂ ತುರುಕಿ ತಿರುಚಿದ. ಅಷ್ಟರಲ್ಲಿ ಸೂರಿಗೆ ಬೆಂಕಿ ಬಿದ್ದು ಅವರೆಲ್ಲ ಓಡಿದರು.

ಆಮೇಲೆ ಫೊಕ್ ತಾತ್ ಅಗ್ಗದ ಅಲಾರಂ ಗಡಿಯಾರಗಳನ್ನಷ್ಟೇ ರಿಪೇರಿ ಮಾಡಿದ. ಉಳಿದ ಪಾರಿವಾಳಕ್ಕೆ ದಿನವೂ ಕೀ ಕೊಡುತ್ತಿದ್ದ, ಹಾಡಿಗೆಂದೇ ಬೇರೆ ಇದ್ದ ತೂತಿಗೆ ಮಾತ್ರ ಎಂದೂ ಕೀ ಹಾಕಲಿಲ್ಲ. ಮಗಳು ಅವನಿಗೆ ಅನ್ನ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಸಾಯುವ ಮುಂಚೆ ಅವನು ಒಂದೇ ಒಂದು ಮಾತು ಕೇಳಿದ್ದ: "ನನ್ನ ಮುಖ ನೀನೇ ತೊಳೀತೀಯೇನಮ್ಮ?" ಅವಳು ಅದಕ್ಕೂ ಉತ್ತರ ಕೊಟ್ಟಿರಲಿಲ್ಲ.

* * *

ಕಾಮ್‌ಚುನ್ ಸೊಂಟದಿಂದ ರೇಷ್ಮೆದಾರದ ಗಡಿಯಾರ ತೆಗೆದ. ಹೆಣದ ತಲೆದಿಂಬಿನಡಿಯಿಂದ ಬೆಳಿಗ್ಗೆಯೇ ಎತ್ತಿದ್ದ.

"ಜೋಡಿ ಇಲ್ದಿದ್ರೂ ಮಾಲು ಗಟ್ಟಿ ಇದೆ ಅಜ್ಜ. ಹಾಡಿಗೂ ಕೀ ಕೊಟ್ಟಿದೀನಿ. ಕೇಳಿ."

ಗುಂಡಿ ಒತ್ತಿದ. ಅದೇ ಹಾಡು.

ವಾಯ್‌ಫಾನ್ ಎದ್ದದ್ದನ್ನು ಯಾರೂ ನೋಡಲಿಲ್ಲ. ದಾರಕ್ಕೆ ಕೈ ಹಾಕಿ ಎಳೆದು, ಗಡಿಯಾರವನ್ನು ಕವಣೆಯಂತೆ ಬೀಸಿ ಅವನ ಕಪಾಳಕ್ಕೆ ಹೊಡೆದಳು. "ಅಯ್ಯೋ ಅಕ್ಕ" ಎನ್ನುವಷ್ಟರಲ್ಲಿ ಬಾಯಿಗೆ ಇನ್ನೊಂದು. ಹಲ್ಲು ಮುರಿಯಿತು, ಎನಾಮಲ್ ಸಿಡಿಯಿತು. ಅವನು ಅವಳ ಜಡೆ ಹಿಡಿದು ಹೊಟ್ಟೆಗೆ ಒದ್ದ. ಅವಳು ಬಿಡಲಿಲ್ಲ. ಒಡೆದ ಗಡಿಯಾರವನ್ನು ಮುಷ್ಟಿಯಲ್ಲೇ ಹಿಡಿದು, ಹಾಡು ನಿಲ್ಲುವವರೆಗೂ ಗುದ್ದಿದಳು. ಕೊನೆಗೆ ಅವನು ಬಟ್ಟಲನ್ನು ಬಿಟ್ಟು ಕಾಲುವೆಗೆ ಉರುಳಿದ. ಗಂಜಿಯವಳು ಬೈಯುತ್ತಲೇ ಕೊರಳಪಟ್ಟಿ ಹಿಡಿದು ಅವನನ್ನು ದೋಣಿಗೆ ಎಳೆದುಕೊಂಡಳು.

ವಾಯ್‌ಫಾನ್ ಅಂಚು ಒಡೆದ ಬಟ್ಟಲನ್ನು ಎತ್ತಿಕೊಂಡಳು. ಕಾಸು ಎಸೆದಳು, ನೀರು ತುಂಬಿದಳು. ಅಜ್ಜ ರಕ್ತ ಸೋರುತ್ತಿದ್ದ ಅವಳ ಕೈಯನ್ನು ನೋಡಿ ಬದಿಗೆ ಸರಿದ.

ಅಂಗಡಿಯ ಹಲಗೆಯ ಮೇಲೆ ಅಪ್ಪ ಮಲಗಿದ್ದ. ಅವಳು ಪಕ್ಕದಲ್ಲಿ ಕೂತು ಹಣೆ ತೊಳೆದಳು, ರೆಪ್ಪೆ ತೊಳೆದಳು, ಕೆನ್ನೆ ತೊಳೆದಳು. ನೀರು ಕೆಂಪಾಗಿತ್ತು. ಅಂಗೈಗೆ ನೆಟ್ಟಿದ್ದ ನೀಲಿ ಚೂರೊಂದು ಕಳಚಿ ಅಪ್ಪನ ಕಣ್ಣಿನ ಕೆಳಗೆ ಅಂಟಿಕೊಂಡಿತು. ಅದರಲ್ಲಿ ಪಾರಿವಾಳದ ತಲೆಯಿತ್ತು, ಬಲಕ್ಕೆ ನೋಡುತ್ತಿತ್ತು.

"ತೊಳೆದೆ ಅಪ್ಪ," ಎಂದಳು.

ಚೂರನ್ನು ತೆಗೆಯಲಿಲ್ಲ. ಶವಪೆಟ್ಟಿಗೆಯನ್ನೂ ಅದರ ಮುಚ್ಚಳವನ್ನೂ ತರಲು ಹೇಳಿದಳು.