ಬಾಡಿಗೆ ಕೇಳುವ ತಾಲೀಮು

"ನೋಡಪ್ಪಾ, ಇದು ಧರ್ಮಛತ್ರ ಅಲ್ಲ!"

ಗಡ್ಡಕ್ಕೆ ಸೋಪಿನ ನೊರೆ ಬಳಿದುಕೊಂಡು, ಬಚ್ಚಲಮನೆಯ ಕನ್ನಡಿಯೆದುರು ಮನೆಯ ಯಜಮಾನರು ಮತ್ತೆ ಗದರಿದರು. ಕನ್ನಡಿಯಲ್ಲಿದ್ದವನು ಚೂರೂ ಹೆದರಲಿಲ್ಲ. ಮೇಲಿನ ಮನೆಯ ಬಾಡಿಗೆ ಬರದೆ ಎರಡು ತಿಂಗಳಾಗಿತ್ತು. ಆ ಮಹಡಿ ಕಟ್ಟಿಸಿದ ಸಾಲದ ಕಂತು ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. "ಬಾಡಿಗೆ ಇಸ್ಕೊಂಡು ಬನ್ನಿ, ಇಲ್ಲಾ ಖಾಲಿ ಮಾಡು ಅಂತ ಹೇಳಿ ಬನ್ನಿ" ಎಂದು ಹೆಂಡತಿಯ ಅಪ್ಪಣೆಯಾಗಿತ್ತು. ಪಾಪ, ಲೈನ್‌ಮನ್ ಆಗಿದ್ದಾಗಲೂ ಬಿಲ್ಲು ಕಟ್ಟದವರ ಕರೆಂಟು ಕಿತ್ತು ಬಾ ಎಂದು ಕಳಿಸಿದರೆ, ಅವರ ಮನೆಯಲ್ಲೇ ಕಾಫಿ ಕುಡಿದು ಬಂದ ಆಸಾಮಿ ಇವರು.

ಮುಖ ತೊಳೆಯುವಾಗ ಮೇಲಿನ ಬಚ್ಚಲಿನಿಂದ ಗಾಳಿಕಿಂಡಿಯ ಮೂಲಕ ದನಿಯೊಂದು ಇಳಿದುಬಂತು.

"ಸಾರ್, ಹೋಟೆಲಿನವ್ರು ನಲವತ್ತು ಕುರ್ಚಿಗೆ ಸೀಟು ಹೊಲಿಸ್ಕೊಂಡು ದುಡ್ಡೇ ಕೊಟ್ಟಿಲ್ಲ... ಛೆ, ಹೀಗಲ್ಲ. ಸಾರ್, ಇವಳಿಗೆ ದಿನ ತುಂಬಿದೆ. ಈಗ ಎಲ್ಲಿಗೆ ಅಂತ ಹೋಗೋದು?"

ಬಾಡಿಗೆಗಿದ್ದ ಸೋಫಾ ಹೊಲಿಯುವ ಹುಡುಗನೂ ತಾಲೀಮು ನಡೆಸಿದ್ದ! ಯಜಮಾನರಿಗೆ ಅಯ್ಯೋ ಅನ್ನಿಸಿತು. ಹಿಂದೆಯೇ ಇನ್ನೊಂದು ಯೋಚನೆ ಹೊಳೆದು ಕಿವಿ ಬಿಸಿಯಾಯಿತು. ಮೇಲಿನ ಮಾತು ಕೆಳಗೆ ಕೇಳುವುದಾದರೆ, ಕೆಳಗಿನದು ಮೇಲೆ ಕೇಳಿಸದೆ ಇದ್ದೀತೆ?

ಆದರೂ ಶರ್ಟು ತೊಟ್ಟು ಹೊರಟರು. ಹುಡುಗ ಇಳಿದು ಬರುತ್ತಿದ್ದ. ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ಮುಖಾಮುಖಿಯಾದರು. ಗಾಬರಿಯಲ್ಲಿ ಯಜಮಾನರ ಬಾಯಿಗೆ ಬಂದದ್ದು ಅವನ ಮಾತೇ.

"ಅಲ್ಲಪ್ಪಾ, ಹೋಟೆಲಿನವ್ರು ನಲವತ್ತು ಕುರ್ಚಿ ದುಡ್ಡು ಕೊಟ್ಟಿಲ್ಲ ಅಲ್ವಾ!"

ಹುಡುಗ ಕಕ್ಕಾಬಿಕ್ಕಿಯಾದ. "ಹೌದು ಸಾರ್. ಆದ್ರೂ ಇದು ಧರ್ಮಛತ್ರ ಅಲ್ವಲ್ಲಾ ಸಾರ್!"

ಇಬ್ಬರೂ ಒಂದು ಗಳಿಗೆ ಪಿಳಿಪಿಳಿ ನೋಡಿದರು. ಆಮೇಲೆ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಹುಡುಗನೂ ಗೋಡೆ ಹಿಡಿದುಕೊಂಡು ನಕ್ಕ. ನಗುತ್ತಲೇ ಜೇಬಿನಿಂದ ಒಂದು ತಿಂಗಳ ಬಾಡಿಗೆ ತೆಗೆದುಕೊಟ್ಟ.

"ಇಷ್ಟೇ ಆಗಿದ್ದು ಸಾರ್. ಉಳಿದಿದ್ದು ವಾರ ವಾರ ಸ್ವಲ್ಪಸ್ವಲ್ಪ ತೀರಿಸ್ತೀನಿ. ಹೊರಗೆ ಹೋಗು ಅನ್ಬೇಡಿ."

"ಈ ಸ್ಥಿತೀಲಿ ಆ ಹುಡುಗೀನ ಎಲ್ಲಿಗೆ ಕರ್ಕೊಂಡು ಹೋಗ್ತೀಯೋ? ವಾರ ವಾರವೇ ಕೊಡು. ಆದ್ರೆ ಕಣ್ಣು ತಪ್ಪಿಸ್ಕೊಂಡು ಓಡಾಡ್ಬೇಡ, ಬಂದು ಹೇಳು."

ಕೆಳಗಿನಿಂದ ಹೆಂಡತಿ ಕೂಗಿದರು. "ರೀ, ಏನಂತೆ?"

"ಇಲ್ಲೇ ಇರ್ತಾರಂತೆ ಕಣೇ!" ಎಂದರು ಯಜಮಾನರು. ಅಷ್ಟು ಗಟ್ಟಿಯಾಗಿ ಅವರು ಹೆಂಡತಿಗೆ ಉತ್ತರ ಕೊಟ್ಟು ಎಷ್ಟೋ ಕಾಲವಾಗಿತ್ತು.

ಮೇಲಿನ ಮನೆಯಲ್ಲಿ ಮೂಟೆ ಕಟ್ಟಿಟ್ಟಿದ್ದ ಪಾತ್ರೆಗಳನ್ನು ಯಾರೋ ಬಿಚ್ಚಿ, ಒಂದೊಂದಾಗಿ ಮತ್ತೆ ಗೂಡಿಗೆ ಜೋಡಿಸುವ ಸದ್ದು ಕೇಳತೊಡಗಿತು.