ಮೂರು ಬಣ್ಣ ಬಳಿಸಿಕೊಂಡ ವಿಮಾನ

ನಾನು ಒಂದು ವಿಮಾನ. ಸಾಗರ ದಾಟುವ ದೊಡ್ಡ ಜೆಟ್ ಅಲ್ಲ. ಎರಡು ಪಂಖಗಳನ್ನು ಗರಗರ ತಿರುಗಿಸುತ್ತ ಊರಿಂದೂರಿಗೆ ಹಾರುವ, ಎಪ್ಪತ್ತೆರಡು ಸೀಟಿನ ಸಣ್ಣ ವಿಮಾನ. ನನ್ನ ಒಡಲು ತಯಾರಾದದ್ದು ಒಂದು ದೇಶದಲ್ಲಿ, ರೆಕ್ಕೆ ಇನ್ನೊಂದರಲ್ಲಿ. ಫ್ರಾನ್ಸಿನ ಒಂದು ಕಾರ್ಖಾನೆಯಲ್ಲಿ ಅವೆರಡನ್ನೂ ಕೂಡಿಸಿದ ದಿನವೇ ನನ್ನ ಹುಟ್ಟುಹಬ್ಬ. ಮೈಗೆ ನೀಲಿ ಬಣ್ಣ ಬಳಿದು, ಬಾಲದ ಮೇಲೆ ‘ಮಲಪ್ರಭಾ ಏರ್’ ಎಂದು ಬರೆದರು. ನಾಲ್ಕು ದಿನ ಹಾರಿ, ದಾರಿಯಲ್ಲಿ ಐದು ಕಡೆ ಇಳಿದು ಹುಬ್ಬಳ್ಳಿ ಸೇರಿದೆ.

ಅಲ್ಲಿ ನನ್ನನ್ನು ಮೊದಲು ಮುಟ್ಟಿದವಳು ಇಂದುಮತಿ ಕಬ್ಬೂರ. ಕಂಪನಿಯ ಎಂಜಿನಿಯರ್, ಆಗಿನ್ನೂ ಇಪ್ಪತ್ತಾರರ ಹುಡುಗಿ. ಏಣಿ ಹತ್ತಿ, ಕಿವಿಗೊಟ್ಟು ನನ್ನ ಎಂಜಿನ್ ಆರುವ ಸದ್ದು ಕೇಳಿಸಿಕೊಂಡಳು. ಜೊತೆಗಿದ್ದ ಹಳೆಯ ಕೆಲಸಗಾರ ದಾವಲಸಾಬರು ಗಾಲಿ ತಟ್ಟಿ ನೋಡಿ, “ಕುದುರಿ ಚಲೋ ಐತ್ರಿ ಬಾಯಾರ” ಎಂದರು.

ಮೊದಲ ಮಾಲೀಕರಿಗೆ ದೊಡ್ಡಸ್ತಿಕೆಯ ಹುಚ್ಚು. ದೊಡ್ಡ ಕಂಪನಿಗಳು ದಿನಕ್ಕೆ ಇಪ್ಪತ್ತು ಸಲ ಹಾರುವ ಮಹಾನಗರಗಳಿಗೇ ನನ್ನನ್ನೂ ಓಡಿಸಿದರು, ಬೆಳ್ಳಿ ಲೋಟದಲ್ಲಿ ಪಾನಕ ಕೊಡಿಸಿದರು. ಅರ್ಧ ಸೀಟು ಖಾಲಿ. ಐದನೇ ವರ್ಷ ಕಂಪನಿ ದಿವಾಳಿಯಾಯಿತು. ಹುಬ್ಬಳ್ಳಿ ವಿಮಾನ ನಿಲ್ದಾಣದ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿ, ಎಂಜಿನ್ನಿನ ಬಾಯಿಗೆ ಕೆಂಪು ಮುಚ್ಚಳ ಹಾಕಿದರು. ಹದಿನಾಲ್ಕು ತಿಂಗಳ ಮೇಲೆ ಎರಡನೇ ಮಾಲೀಕರು ಕಂಪನಿ ಕೊಂಡು ಹಳದಿ ಬಳಿಸಿದರು. ಇವರದು ಇನ್ನೊಂದು ತುದಿ: ಬಸ್ಸಿಗಿಂತ ಅಗ್ಗದ ಟಿಕೆಟ್ಟು. ಸೀಟುಗಳೇನೋ ತುಂಬಿದವು, ಆದರೆ ಹಾರಿದಷ್ಟೂ ನಷ್ಟ. ಒಂದು ದಿನ ಕಲಬುರಗಿಯಲ್ಲಿ ಎಪ್ಪತ್ತು ಜನ ನನ್ನೊಳಗೆ ಕುಳಿತಿದ್ದಾಗಲೇ, ಇಂಧನ ಹಾಕುವವರು ಹಳೆ ಬಾಕಿ ಬರಲಿಲ್ಲವೆಂದು ಪೈಪು ಸುತ್ತಿಕೊಂಡು ಹೊರಟುಹೋದರು. ಮತ್ತೆ ದಿವಾಳಿ, ಮತ್ತೆ ಹುಬ್ಬಳ್ಳಿಯ ಅದೇ ಮೂಲೆ.

ಈ ಸಲ ಎಲ್ಲರೂ ಬೇರೆ ಕೆಲಸ ಹುಡುಕಿಕೊಂಡರು. ಇಂದುಮತಿಯೂ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಆದರೂ ನ್ಯಾಯಾಲಯ ನೇಮಿಸಿದ ಅಧಿಕಾರಿಯ ಅಪ್ಪಣೆ ಪಡೆದು, ಪ್ರತಿ ಭಾನುವಾರ ಬರುತ್ತಿದ್ದಳು. ಬಿಗಿದುಕೊಳ್ಳದಂತೆ ಪಂಖ ತಿರುಗಿಸುವಳು, ಒಂದೇ ಕಡೆ ಚಪ್ಪಟೆಯಾಗದಂತೆ ಗಾಲಿಯನ್ನು ಒಂದು ಗೇಣು ಮುಂದಕ್ಕೆ ಉರುಳಿಸುವಳು.

“ಪಗಾರ ನಿಂತು ವರ್ಷ ಆತು. ಇನ್ನೂ ಯಾಕ ಬರ್ತೀರಿ?” ಎಂದು ದಾವಲಸಾಬರು ಕೇಳಿದರು, ತಾವೂ ಗಾಲಿಗೆ ಹೆಗಲು ಕೊಡುತ್ತಲೇ.

“ಮುಳುಗಿದ್ದು ಕಂಪನಿ ರೀ ದಾವಲಸಾಬ್ರ. ವಿಮಾನ ಮುಳುಗಿಲ್ಲ.”

ಆ ಮಾತು ಕೇಳಿ ನನ್ನ ಮೈಯ ಒಂದೊಂದು ತಿರುಪೂ ಬಿಗಿಯಾದಂತಾಯಿತು.

ಆದರೆ ಗುಜರಿ ವ್ಯಾಪಾರಿ ಬಂದು ಟೇಪು ಹಿಡಿದು ನನ್ನ ರೆಕ್ಕೆ ಅಳೆದುಕೊಂಡು ಹೋದ. ಅವನ ಬೆನ್ನಿಗೇ ವಿಜಯಪುರದ ಬಸ್ ಮಾಲೀಕ ಬಸವಂತಪ್ಪ ಮೇಟಿ ಬಂದರು. ಧೋತರದ ಚುಂಗು ಹಿಡಿದು ನನ್ನನ್ನು ಎರಡು ಸುತ್ತು ಹಾಕಿದರು.

“ಸೀಟು ತುಂಬದ ರೂಟಿಗೆ ಗಾಡಿ ಬಿಡಬಾರದು, ತುಂಬಿದ ರೂಟಿನಾಗ ಪುಕ್ಕಟೆ ಒಯ್ಯಬಾರದು. ಅಷ್ಟ ನನಗ ಗೊತ್ತು” ಎಂದರು. “ಕಂಪನಿ ನಾ ತಗೋತೀನಿ. ಖರೆ, ಇದು ಹಾರೋದು ಕಣ್ಣಾರೆ ನೋಡಬೇಕು.”

ಪರೀಕ್ಷಾ ಹಾರಾಟಕ್ಕೆ ಸಿಕ್ಕ ಅಪ್ಪಣೆ ಒಂದೇ ದಿನದ್ದು, ಅದೂ ಮಧ್ಯಾಹ್ನ ಒಂದು ಗಂಟೆಯವರೆಗೆ. ಮರುದಿನವೇ ನ್ಯಾಯಾಲಯದಲ್ಲಿ ತೀರ್ಮಾನ. ನಾನು ಹಾರದಿದ್ದರೆ ಗುಜರಿಯವನ ಪಾಲು.

ಹನ್ನೊಂದಕ್ಕೆ ಎರಡೂ ಎಂಜಿನ್ ಹೊತ್ತಿಕೊಂಡವು. ಎರಡು ವರ್ಷದ ಮೇಲೆ ರೆಕ್ಕೆಗೆ ಜೀವ ಬಂತು. ಪೈಲಟ್ ಮೆನೆಜಿಸ್ ನನ್ನನ್ನು ಓಡಿಸಿದರು. ಇನ್ನೇನು ಮೂಗು ಎತ್ತಬೇಕು, ಅಷ್ಟರಲ್ಲಿ ಬ್ರೇಕು ಒತ್ತಿಬಿಟ್ಟರು. ಗಾಲಿ ಕಿರುಚಿತು. ಅವರೆದುರಿನ ವೇಗದ ಮುಳ್ಳು ಸೊನ್ನೆಯಿಂದ ಕದಲಿರಲಿಲ್ಲ. ಮರಳಿ ಬಂದಾಗ ಬೇಲಿಯಾಚೆ ಗುಜರಿಯವನು ಫೋನಿನಲ್ಲಿ ಲಾರಿ ಕಳಿಸಲು ಹೇಳುತ್ತಿದ್ದ.

ಇಂದುಮತಿ ಓಡಿ ಬಂದಳು. ನನ್ನ ಮೂಗಿನ ಪಕ್ಕ, ಎದುರುಗಾಳಿ ಹಿಡಿದು ವೇಗ ಅಳೆಯುವ ಸಣ್ಣ ಕೊಳವೆಯಿದೆ. ಟಾರ್ಚು ಬಿಟ್ಟು ನೋಡಿದಳು. ಒಳಗೆ ಕಣಜದ ಹುಳ ಕಟ್ಟಿದ ಹಸಿ ಮಣ್ಣಿನ ಗೂಡು.

“ತಪ್ಪು ನಂದ. ನಿನ್ನೆ ತೊಳಿಯೋ ಮುಂದ ಇದರ ಮುಚ್ಚಳ ತಗದು ರಾತ್ರಿ ಹಂಗ ಬಿಟ್ಟಾಕಿ ನಾನ” ಎಂದು ಎಲ್ಲರೆದುರೂ ಹೇಳಿದಳು.

ಮೇಟಿಯವರು ಗಡಿಯಾರ ನೋಡಿಕೊಂಡರು. “ತಪ್ಪು ನಾಳೆ ಮಾತಾಡೋಣವಾ. ಈಗ ರಿಪೇರಿ ಮಾಡು.”

ಕೊಳವೆ ಬಿಚ್ಚಿ, ಮಣ್ಣು ತೆಗೆದು, ಗಾಳಿ ಹಾಯಿಸಿ, ಮುಳ್ಳು ಸರಿಯಾಗಿ ಏಳುವುದನ್ನು ಎರಡೆರಡು ಸಲ ಪರೀಕ್ಷಿಸುವಷ್ಟರಲ್ಲಿ ಹನ್ನೆರಡೂ ಕಾಲು. ಕಾಗದಕ್ಕೆ ಸಹಿ ಹಾಕಿದವಳೇ ಇಂದುಮತಿ ಮೆಟ್ಟಿಲು ಹತ್ತಿ ನನ್ನೊಳಗೆ ಬಂದಳು. “ನಾ ಸಹಿ ಮಾಡೀನಂದ್ರ ನಾನೂ ಬರಾಕಿ” ಎಂದು ಪೈಲಟ್‌ಗೆ ಹೇಳಿ ಬೆಲ್ಟು ಕಟ್ಟಿಕೊಂಡಳು. ಅಷ್ಟು ವರ್ಷ ನನ್ನನ್ನು ಬಿಚ್ಚಿ ಜೋಡಿಸಿದವಳು ನನ್ನೊಂದಿಗೆ ಹಾರಲು ಕುಳಿತದ್ದು ಅದೇ ಮೊದಲು.

ಓಡಿದೆ. ಮುಳ್ಳು ಎದ್ದಿತು: ಅರವತ್ತು, ಎಂಬತ್ತು, ನೂರು. ನೆಲ ಕೈಬಿಟ್ಟಿತು. ಉಣಕಲ್ ಕೆರೆ ಕೆಳಗೆ ಕನ್ನಡಿಯ ಚೂರಿನಂತೆ ಹೊಳೆಯಿತು. ಕಿಟಕಿಗೆ ಹಣೆ ಒತ್ತಿಕೊಂಡು ಇಂದುಮತಿ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಒಂದಕ್ಕೆ ಎಂಟು ನಿಮಿಷವಿರುವಾಗ ನಾವು ಇಳಿದೆವು. ದಾವಲಸಾಬರು ತಲೆಯ ರುಮಾಲು ಬಿಚ್ಚಿ ಬೀಸುತ್ತ ಓಡಿ ಬಂದರು.

ಮೇಟಿಯವರು ಹಸಿರು ಬಳಿಸಿದರು. ದೊಡ್ಡವರು ಹೋಗದ ಊರುಗಳಿಗೆ ಹಾರಿಸಿದರು. ಪಾನಕವೂ ಇಲ್ಲ, ಪುಕ್ಕಟೆಯೂ ಇಲ್ಲ. ಒಂಬತ್ತು ವರ್ಷ ದುಡಿದೆ. ನನ್ನ ಹಿಂದೆ ಇನ್ನೂ ಮೂರು ಹಸಿರು ವಿಮಾನಗಳು ಬಂದವು.

ಈಗ ನನಗೆ ವಯಸ್ಸಾಗಿದೆ. ಕಂಪನಿಯ ತರಬೇತಿ ಶಾಲೆಯ ಹಿತ್ತಲಲ್ಲಿ ನಿಂತಿದ್ದೇನೆ. ಇಂದುಮತಿ ಅಲ್ಲಿ ಮುಖ್ಯಸ್ಥೆ. ಮೊನ್ನೆ ರೇಷ್ಮಾ ಎಂಬ ವಿದ್ಯಾರ್ಥಿನಿ ಕೇಳಿದಳು: “ಎರಡು ಸಲ ದಿವಾಳಿ ಎದ್ದ ಕಂಪನಿ ರೀ ಮೇಡಂ. ಮತ್ತೊಮ್ಮೆ ಮುಳುಗೂದಿಲ್ಲೇನ್ರಿ?”

“ಮುಳುಗಬಹುದವಾ, ಯಾರು ಕಂಡಾರ” ಎಂದಳು ಇಂದುಮತಿ. “ಏಣಿ ಹತ್ತು, ಎಂಜಿನ್ ತೋರಸ್ತೀನಿ.”

ಕಂಪನಿ ಉಳಿಯುವುದೋ ಇಲ್ಲವೋ, ನನಗೂ ಗೊತ್ತಿಲ್ಲ. ಕಾಗದದ ಮೇಲೆ ಸತ್ತದ್ದನ್ನು ಎರಡು ಸಲ ಕೈಗಳು ಎಬ್ಬಿಸಿದ್ದನ್ನು ಮಾತ್ರ ಬಲ್ಲೆ. ಇಂದು ಬೆಳಿಗ್ಗೆ ರೇಷ್ಮಾ ತಾನೊಬ್ಬಳೇ ನನ್ನ ಎಡ ಎಂಜಿನ್ ಚಾಲೂ ಮಾಡಿದಳು. ಪಂಖ ಗಾಳಿ ಕಡೆಯಿತು, ಹುಲ್ಲು ನೆಲಕ್ಕೊರಗಿತು. ಗಾಲಿಗೆ ಅಡ್ಡ ಮರದ ತುಂಡು ಇಟ್ಟಿರದಿದ್ದರೆ ನಾನು ಹೊರಟೇಬಿಡುತ್ತಿದ್ದೆ.