ಅರಗಿನ ಮೇಲೆ ಒತ್ತಿದ ಗುಂಡಿ

ಮುದ್ರೆ ಕೆತ್ತಿಸಿದ್ದಕ್ಕೆ ನಲವತ್ತು ಗಿಲ್ಡರ್ ಖರ್ಚಾಯಿತು. ಡಚ್ಚರ ಹೇಗ್ ಪಟ್ಟಣದಲ್ಲಿ ಅಷ್ಟು ಹಣಕ್ಕೆ ಚಳಿಗಾಲ ಪೂರ್ತಿ ಒಲೆ ಉರಿಸಬಹುದಿತ್ತು. ಆದರೂ ಅಸಹೆಲ್ ಟ್ರಸ್ಕಾಟ್‌ಗೆ ಅದು ದುಬಾರಿ ಎನಿಸಲಿಲ್ಲ. ಇಂಗ್ಲೆಂಡಿನ ದೊರೆಯಿಂದ ಮೊನ್ನೆ ಮೊನ್ನೆ ಬಿಡಿಸಿಕೊಂಡು ಸ್ವತಂತ್ರವಾದ ಅಮೆರಿಕದ ರಾಯಭಾರಿ ಅವನು. ಡಚ್ಚರ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ನಾಳೆ ಸಹಿ ಹಾಕಿ, ಬಿಸಿ ಅರಗಿನ ಮೇಲೆ ಸ್ವಂತ ಮುದ್ರೆ ಒತ್ತಬೇಕು. ಅದಕ್ಕೆಂದೇ ಅವನು ಮುದ್ರೆಯಲ್ಲಿ ಪೈನ್ ಮರದ ಚಿತ್ರ ಕೆತ್ತಿಸಿದ್ದ.

ಸಹಿ ಹಾಕಬೇಕಾದ ಇನ್ನೊಬ್ಬ ರಾಯಭಾರಿ ಜಾರ್ವಿಸ್ ಹೆಂಡ್ರಿ. ಇಬ್ಬರದೂ ಒಂದೇ ಮನೆ, ಒಂದೇ ಊಟದ ಮೇಜು. ಒಪ್ಪಂದದ ಸಾಲು ಸಾಲಿಗೂ ತಲೆ ಕೆಡಿಸಿಕೊಂಡವನು ಟ್ರಸ್ಕಾಟ್. ಹೆಂಡ್ರಿ ಡಚ್ ಸಾಹುಕಾರರ ಮನೆಗಳಲ್ಲಿ ಹೆರಿಂಗ್ ಮೀನು ತಿಂದು, ಅವರ ಭಾಷೆಯನ್ನು ತಪ್ಪು ತಪ್ಪಾಗಿ ಆಡಿ ನಗಿಸಿ ಬರುತ್ತಿದ್ದ. ಇಬ್ಬರೂ ಬೀದಿಗಿಳಿದರೆ ಜನ ಟೋಪಿ ತೆಗೆಯುತ್ತಿದ್ದದ್ದು ಹೆಂಡ್ರಿಗೆ. ಅದನ್ನು ಕಂಡಾಗಲೆಲ್ಲ ಟ್ರಸ್ಕಾಟ್ ಹೆಜ್ಜೆ ಬಿರುಸು ಮಾಡಿ ಮುಂದೆ ಹೋಗಿಬಿಡುತ್ತಿದ್ದ.

ಅಂದು ಸಂಜೆ ಟ್ರಸ್ಕಾಟ್‌ನ ಹೆಂಡತಿ ಕೆಜಾಯಾ ಊಟ ಬಡಿಸುವಾಗ ಹೆಂಡ್ರಿ ತಲೆ ಕೆರೆದುಕೊಂಡ.

"ಮಾರಾಯ, ಎಡವಟ್ಟಾಯ್ತು. ನನ್ನ ಹತ್ರ ಮುದ್ರೆನೇ ಇಲ್ಲ. ನಮ್ಮಪ್ಪ ಪೀಪಾಯಿ ಮಾಡ್ತಿದ್ದೋನು, ಅವನಿಗೆಲ್ಲಿಯ ಮುದ್ರೆ! ನಾಳೆ ಒಂದ್ಸಲ ನಿಂದು ಕೊಡು."

"ಆಗಲ್ಲ. ಮುದ್ರೆ ಅಂದ್ರೆ ಮಾನ. ಬಾಣಲೆ ತರ ಎರವಲು ಕೊಡೋ ಸಾಮಾನಲ್ಲ."

"ಹಂಗಾದ್ರೆ ನಾನೇನು ಮಾಡ್ಲಿ?"

"ಹೋಗಿ ನಿನ್ನ ಮೀನಿನ ಸಾಹುಕಾರರನ್ನ ಕೇಳು."

ಯಾವಾಗಲೂ ನಗುವ ಹೆಂಡ್ರಿ ನಗಲಿಲ್ಲ. ತಟ್ಟೆ ಸರಿಸಿ ಎದ್ದುಹೋದ. ಮುದ್ರೆ ಇಲ್ಲದವನ ಸಹಿ ನಿಲ್ಲುವುದಿಲ್ಲ, ಒಪ್ಪಂದದಲ್ಲಿ ತನ್ನದೊಂದೇ ಹೆಸರು ಉಳಿಯುತ್ತದೆ ಎಂದುಕೊಂಡು ಟ್ರಸ್ಕಾಟ್ ಹೊಟ್ಟೆ ತುಂಬ ಉಂಡ.

ಮರುದಿನ ಸಭೆಯಲ್ಲಿ ಟ್ರಸ್ಕಾಟ್‌ನ ಮರ ಅರಗಿನ ಮೇಲೆ ಚೊಕ್ಕವಾಗಿ ಮೂಡಿತು. ಹೆಂಡ್ರಿಯ ಸರದಿ ಬಂತು. ಅವನು ಸಹಿ ಮಾಡಿ, ತನ್ನ ಕೋಟಿನ ಹಿತ್ತಾಳೆ ಗುಂಡಿಯನ್ನು ಪಟ್ಟನೆ ಕಿತ್ತು ಅರಗಿಗೆ ಒತ್ತಿದ.

"ನಮ್ಮ ದೇಶದಲ್ಲಿ ಎಲ್ಲರ ಎದೆ ಮೇಲೂ ಇರೋ ಮುದ್ರೆ ಇದೇ, ಸ್ವಾಮಿ!"

ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಗುಂಡಿ ಕೈಯಿಂದ ಕೈಗೆ ಹೋಯಿತು. ಕೊನೆಗೆ ಡಚ್ಚರ ಮುದಿ ಮಂತ್ರಿ "ಇದು ನನಗಿರಲಿ" ಎಂದು ಜೇಬಿಗಿಳಿಸಿದ. ಪೈನ್ ಮರವನ್ನು ಬಗ್ಗಿ ನೋಡಿದವರು ಯಾರೂ ಇಲ್ಲ.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಕೆಜಾಯಾ ಹಣೆ ಚಚ್ಚಿಕೊಂಡಳು.

"ಅಲ್ಲಾ ರೀ, ನೀವು ಕೊಟ್ಟಿದ್ರೆ ಆ ಕಾಗದದ ಮೇಲೆ ನಿಮ್ಮ ಮರನೇ ಎರಡು ಸಲ ಕೂತಿರ್ತಿತ್ತಲ್ಲ!"

ಅವಳು ಗಂಡನ ಹಳೇ ಕೋಟಿನಿಂದ ಒಂದು ಗುಂಡಿ ಬಿಚ್ಚಿ, ಹೊಲಿದು ಕೊಡೋಣವೆಂದು ಹೆಂಡ್ರಿಯ ಕೋಣೆಗೆ ಹೋದಳು. ಕೋಣೆ ಖಾಲಿಯಾಗಿತ್ತು. ಅವನು ಪೆಟ್ಟಿಗೆ ಹೊರಿಸಿಕೊಂಡು ಬೇರೆ ಮನೆಗೆ ಹೋಗಿಯಾಗಿತ್ತು.

ಅಮೆರಿಕದ ಹಡಗುಗಳಿಗೆ ಡಚ್ ಬಂದರಿನಲ್ಲಿ ಸುಂಕ ಇಳಿಯಿತು. ಟ್ರಸ್ಕಾಟ್‌ಗೆ ಒಳ್ಳೆಯ ಮುದ್ರೆಯೊಂದು ಉಳಿಯಿತು. ಪರದೇಶದಲ್ಲಿ ಎದುರು ಕೂತು ಉಣ್ಣಲು ಅವನಿಗಿದ್ದ ಒಬ್ಬನೇ ಗೆಳೆಯ ಹೋದ.